ಅಂಕಿತವೂ ಅಪಹರಣವೂ: ಕನ್ನಡದಲ್ಲಿ ಕೃತಿಚೌರ್ಯದ ವಿಚಾರ ನಡೆದುಬಂದ ದಾರಿ

ಇನ್ನೊಬ್ಬರ ಬರಹದ ಮಾತನ್ನಾಗಲಿ ವಿಚಾರವನ್ನಾಗಲಿ ಮೂಲವನ್ನು ಹೇಳದೆ ತನ್ನದೆಂದು ಮುಂದಿಡುವುದಕ್ಕೆ ಕೃತಿಚೌರ್ಯವೆಂದು ಹೆಸರು. ಅಂತರ್ಜಾಲ ಬಂದ ಮೇಲೆ ಈ ಮಾತು ವಿಶ್ವವಿದ್ಯಾಲಯಗಳ ಸುತ್ತೋಲೆಗಳಲ್ಲಿಯೂ ಪತ್ರಿಕೆಗಳ ಓದುಗರ ಓಲೆಗಳಲ್ಲಿಯೂ ಪದೇಪದೇ ಕಾಣಿಸಿಕೊಳ್ಳುತ್ತಿರುವುದರಿಂದ ಇದು ನಮ್ಮ ಕಾಲದಲ್ಲಿಯೇ ಹುಟ್ಟಿದ ದೋಷವೆಂಬ ನಂಬಿಕೆ ಬಲವಾಗಿದೆ. ಅದರ ಜೊತೆಗೇ ಇನ್ನೊಂದು ನಂಬಿಕೆಯೂ ಇದೆ: ನಮ್ಮ ಹಿಂದಿನವರಿಗೆ ಕೃತಿಯ ಒಡೆತನದ ಕಲ್ಪನೆಯೇ ಇರಲಿಲ್ಲ, ಅವರು ಹೆಸರಿನ ಹಂಗಿಲ್ಲದೆ ಬರೆದರು, ಆದ್ದರಿಂದ ಅವರಲ್ಲಿ ಕದಿಯುವುದಕ್ಕೂ ಕಳೆದುಕೊಳ್ಳುವುದಕ್ಕೂ ಏನೂ ಇರಲಿಲ್ಲ ಎಂಬುದು. ಈ ಎರಡು ನಂಬಿಕೆಗಳೂ ಚರಿತ್ರೆಯ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಸಂಸ್ಕೃತ ಮತ್ತು ಕನ್ನಡದ ಕವಿಗಳೂ ಲಾಕ್ಷಣಿಕರೂ ಸಾವಿರ ವರ್ಷಗಳಿಗೂ ಹಿಂದೆಯೇ ಕಾವ್ಯದ ಕಳವನ್ನು ಕುರಿತು ಯೋಚಿಸಿದ್ದರು, ಮತ್ತು ಅವರು ಯೋಚಿಸಿದ ಬಗೆ ಇಂದಿನ ಶೇಕಡಾವಾರು ಲೆಕ್ಕಕ್ಕಿಂತ ಎಷ್ಟೋ ಸೂಕ್ಷ್ಮವಾಗಿತ್ತು.

ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದ ಆರಂಭದಲ್ಲಿಯೇ, ಬೇರೆಯವರ ರಚನೆಯ ವರ್ಣಗಳನ್ನು ಬದಲಿಸಿ, ಅದರ ಗುರುತುಗಳನ್ನು ಮರೆಮಾಡಿ ಬರೆಯುವವನನ್ನು ಕಳ್ಳನೆಂದೇ ಕರೆದು, ಅಂಥವನು ಬಲ್ಲವರ ನಡುವೆ ಯಾರೂ ತೋರಿಸಿಕೊಡದಿದ್ದರೂ ಸಿಕ್ಕಿಬೀಳುತ್ತಾನೆಂದು ಸೂಚಿಸಿದ್ದಾನೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ ಇಬ್ಬರು ಕವಿಗಳ ಮಾತು ಒಂದನ್ನೊಂದು ಹೋಲುವುದನ್ನು ಸಂವಾದವೆಂದು ಕರೆದು, ಕನ್ನಡಿಯ ಬಿಂಬದಂಥ ಹೋಲಿಕೆ, ಚಿತ್ರದಂಥ ಹೋಲಿಕೆ, ಇಬ್ಬರು ಮನುಷ್ಯರು ರೂಪದಲ್ಲಿ ಒಬ್ಬರನ್ನೊಬ್ಬರು ಹೋಲುವಂಥ ಹೋಲಿಕೆ ಎಂದು ಮೂರು ಬಗೆ ಮಾಡಿದನು. ಮೊದಲಿನ ಎರಡನ್ನು ಕವಿ ಬಿಡಬೇಕು, ಮೂರನೆಯದಕ್ಕೆ ತನ್ನದೇ ಆದ ಜೀವವಿರುವುದರಿಂದ ಅದನ್ನು ಬಿಡಬೇಕಾಗಿಲ್ಲವೆಂಬುದು ಅವನ ತೀರ್ಪು. ಈ ವಿಚಾರವನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದವನು ಕನೌಜಿನ ಪ್ರತೀಹಾರರ ಆಸ್ಥಾನದಲ್ಲಿದ್ದ ರಾಜಶೇಖರ. ಅವನ ಕಾವ್ಯಮೀಮಾಂಸೆ ಹತ್ತನೆಯ ಶತಮಾನದ ಆರಂಭದ ಕೃತಿ, ಅಂದರೆ ಪಂಪನಿಗಿಂತ ಒಂದು ತಲೆಮಾರು ಮಾತ್ರ ಹಿಂದಿನದು. ಅದರ ಹನ್ನೊಂದನೆಯ ಅಧ್ಯಾಯದಿಂದ ಹದಿಮೂರನೆಯದರವರೆಗೆ ನಡೆಯುವ ಚರ್ಚೆಯೆಲ್ಲ ಹರಣವನ್ನು ಕುರಿತದ್ದು. ಹರಣವೆಂದರೆ ಇನ್ನೊಬ್ಬ ಕವಿಯಿಂದ ಮಾತನ್ನೋ ಅರ್ಥವನ್ನೋ ತೆಗೆದುಕೊಳ್ಳುವುದು. ಮಾತಿನ ಹರಣವು ಒಂದು ಪದದ್ದಾಗಿರಬಹುದು, ಪದ್ಯದ ಒಂದು ಪಾದದ್ದಾಗಿರಬಹುದು, ಅರ್ಧಪದ್ಯದ್ದು, ಇಡೀ ಪದ್ಯದ್ದು, ಕೊನೆಗೆ ಸಮಗ್ರ ಪ್ರಬಂಧದ್ದೇ ಆಗಿರಬಹುದು ಎಂದು ಅವನು ವಿಂಗಡಿಸುತ್ತಾನೆ. ಹಣ ಕೊಟ್ಟು ಇನ್ನೊಬ್ಬರಿಂದ ಬರೆಸಿಕೊಂಡು ತನ್ನದೆನ್ನುವುದು ಕೂಡ ಹರಣವೇ, ಅಂಥ ಅಪಕೀರ್ತಿಗಿಂತ ಕೀರ್ತಿ ಬಾರದಿರುವುದೇ ಲೇಸು ಎಂಬ ಅವನ ನಿರ್ಣಯವನ್ನು ಇಂದಿನ ಯಾವ ಪದವಿ ಪ್ರದಾನ ಸಮಿತಿಯೂ ತಿದ್ದುಪಡಿಯಿಲ್ಲದೆ ಒಪ್ಪಿಕೊಳ್ಳಬಹುದು.

ಈ ಚರ್ಚೆಯ ನಡುವೆ ರಾಜಶೇಖರನು ತನ್ನ ಪತ್ನಿ ಅವಂತಿಸುಂದರಿಯ ಅಭಿಪ್ರಾಯವನ್ನು ಹೆಸರಿಸಿ ದಾಖಲಿಸಿದ್ದಾನೆ, ಮತ್ತು ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಕವಿ ಯಾವ ಕಾರಣಗಳಿಂದ ಇನ್ನೊಬ್ಬರದನ್ನು ತೆಗೆದುಕೊಳ್ಳಲು ಮನಸ್ಸು ಮಾಡುತ್ತಾನೆಂಬುದನ್ನು ಅವಳು ಒಂದೊಂದಾಗಿ ಎತ್ತಿ ತೋರಿಸುತ್ತಾಳೆ: ಆ ಕವಿ ಹೆಸರಿಲ್ಲದವನು, ತಾನು ಹೆಸರುವಾಸಿ, ಅವನ ಕೃತಿ ಬಳಕೆಯಲ್ಲಿಲ್ಲ, ತನ್ನದು ಬಳಕೆಯಲ್ಲಿದೆ, ಅದನ್ನು ಬಲ್ಲವರು ಈಗ ಉಳಿದಿಲ್ಲ, ಅದನ್ನು ಬರೆದವನು ಬೇರೆ ದೇಶದಲ್ಲಿದ್ದಾನೆ, ಅದರ ಮೂಲಗ್ರಂಥ ನಷ್ಟವಾಗಿದೆ, ಅದು ಪರಭಾಷೆಯದು. ಈ ಪಟ್ಟಿಯನ್ನು ಅವಳು ಅನುಮತಿಯೆಂದು ಕೊಟ್ಟಳೋ ಕವಿಗಳ ಮನಸ್ಸಿನ ವರ್ಣನೆಯಾಗಿ ಕೊಟ್ಟಳೋ ಎಂಬುದು ವ್ಯಾಖ್ಯಾನದ ಪ್ರಶ್ನೆಯಾಗಿ ಉಳಿಯಲಿ. ಕೃತಿಚೌರ್ಯ ನಡೆಯುವ ಸಂದರ್ಭಗಳನ್ನು ಇಷ್ಟು ಸ್ಪಷ್ಟವಾಗಿ ಕಂಡ ಇನ್ನೊಬ್ಬ ವಿಮರ್ಶಕರನ್ನು ನಮ್ಮ ಪ್ರಾಚೀನ ಪರಂಪರೆಯಲ್ಲಿ ಹುಡುಕುವುದು ಕಷ್ಟ. ಅವಳು ಹೇಳುವ ಕಾರಣಗಳೆಲ್ಲಕ್ಕೂ ಅಡಿಪಾಯವಾಗಿರುವುದು ದೂರ ಮತ್ತು ಮರೆವು. ಓದುಗನ ನೆನಪು ಎಲ್ಲಿ ಮುಟ್ಟಲಾರದೋ ಅಲ್ಲಿ ಹರಣಕ್ಕೆ ಅವಕಾಶ ಹುಟ್ಟುತ್ತದೆ.

ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗವೇ ಈ ಚರ್ಚೆಗೆ ಒಂದು ಒಳ್ಳೆಯ ನಿದರ್ಶನ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಈ ಕೃತಿಯ ಅನೇಕ ಪದ್ಯಗಳು ದಂಡಿಯ ಕಾವ್ಯಾದರ್ಶದ ಶ್ಲೋಕಗಳ ಕನ್ನಡ ರೂಪಗಳು. ಆದರೆ ಅದನ್ನು ಓದಬಹುದಾಗಿದ್ದ ಪಂಡಿತರಿಗೆ ದಂಡಿ ಬಾಯಿಪಾಠವಾಗಿದ್ದನು, ಆದ್ದರಿಂದ ಅಲ್ಲಿ ಮರೆಮಾಚುವ ಪ್ರಶ್ನೆಯೇ ಏಳುತ್ತಿರಲಿಲ್ಲ. ದಂಡಿಯಲ್ಲಿ ಎಲ್ಲಿಯೂ ಇಲ್ಲದ ಕನ್ನಡನಾಡಿನ, ಕನ್ನಡ ನುಡಿಯ, ಹಿಂದಿನ ಕನ್ನಡ ಲೇಖಕರ ಮಾತುಗಳು ಸೇರಿ ಅದು ಬೇರೆಯೇ ಕೃತಿಯಾಯಿತು. ಅದನ್ನು ಬರೆದವನು ನೃಪತುಂಗನೋ ಅವನ ಸಭೆಯ ಶ್ರೀವಿಜಯನೋ ಎಂಬ ಪ್ರಶ್ನೆ 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಅಚ್ಚಿಗೆ ತಂದಂದಿನಿಂದ ವಿದ್ವಾಂಸರನ್ನು ಕಾಡಿ, ಕೊನೆಗೆ ಶ್ರೀವಿಜಯನು ನೃಪತುಂಗನ ಅನುಮತದಿಂದ ಬರೆದನೆಂಬ ಅಭಿಪ್ರಾಯದ ಕಡೆಗೆ ಹೆಚ್ಚಿನವರ ಒಲವು ನಿಂತಿತು. ಒಡೆಯನ ಹೆಸರೂ ಬರೆದವನ ಹೆಸರೂ ಒಂದೇ ಕೃತಿಯ ಮೇಲೆ ಹೀಗೆ ಹೆಣೆದುಕೊಂಡಿರುವುದು ಆಸ್ಥಾನ ಸಾಹಿತ್ಯದ ಉದ್ದಕ್ಕೂ ಕಾಣುವ ಸಂಗತಿ.

ಋಣವನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೂ ಕನ್ನಡದಲ್ಲಿ ಬಹಳ ಹಿಂದೆಯೇ ಬೇರೂರಿತ್ತು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ತನ್ನ ಪಂಚತಂತ್ರದ ಕಥೆಗಳು ಗುಣಾಢ್ಯನ ಪೈಶಾಚೀ ಕಥೆಗಳಿಂದ ಬಂದವೆಂದೂ, ವಸುಭಾಗಭಟ್ಟನು ಅವುಗಳನ್ನು ಸಂಸ್ಕೃತದಲ್ಲಿ ಹೇಳಿದನೆಂದೂ, ಆ ವಸುಭಾಗನ ಕೃತಿಯನ್ನೇ ತಾನು ಕನ್ನಡಕ್ಕೆ ತಂದೆನೆಂದೂ ಸರಣಿಯ ಒಂದೊಂದು ಕೊಂಡಿಯನ್ನೂ ಹೆಸರಿಸಿದ್ದಾನೆ. ಅವನು ಹೀಗೆ ಹೇಳದೆ ಹೋಗಿದ್ದರೆ ವಿಷ್ಣುಶರ್ಮನ ಪಾಠದಿಂದ ಬೇರೆಯಾದ ಈ ಪರಂಪರೆಯ ಒಂದು ಮುಖ್ಯ ಸಾಕ್ಷ್ಯ ಭಾರತೀಯ ಕಥಾಸಾಹಿತ್ಯದ ಚರಿತ್ರಕಾರರಿಗೆ ಇಲ್ಲವಾಗುತ್ತಿತ್ತು. ಚಂಪೂಕವಿಗಳು ಕಾವ್ಯದ ಮೊದಲಲ್ಲಿ ಪೂರ್ವಕವಿಗಳನ್ನು ಸ್ಮರಿಸುತ್ತಿದ್ದುದು, ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಪ್ರಾರಂಭದಲ್ಲಿ ತನ್ನ ಸೂತ್ರಗಳಿಗೆ ಲಕ್ಷ್ಯವಾದ ಕವಿಗಳನ್ನು ಹೆಸರು ಹೇಳಿ ನೆನೆದುದು ಇದೇ ಶಿಷ್ಟಾಚಾರದ ರೂಪಗಳು. ವಿಚಿತ್ರವೆಂದರೆ ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಸಂಕಲಿಸಿದ ಸೂಕ್ತಿಸುಧಾರ್ಣವದಲ್ಲಿ ಪದ್ಯಗಳನ್ನು ವಿಷಯವಾರಾಗಿ ಜೋಡಿಸುವುದರ ಕಡೆಗೆ ಗಮನವೇ ಹೊರತು ಕವಿಗಳ ಹೆಸರಿನ ಕಡೆಗಿಲ್ಲ. ಆ ಹೆಸರುಗಳನ್ನು ಹುಡುಕಿ ಕೂಡಿಸುವ ಕೆಲಸ ಇಪ್ಪತ್ತನೆಯ ಶತಮಾನದ ಸಂಶೋಧಕರ ಪಾಲಿಗೆ ಬಂತು. ಆದರೆ ಮೂಲಕಾವ್ಯ ನಾಶವಾದರೂ ಕೆಲವು ಪದ್ಯಗಳು ಉಳಿದುಕೊಂಡದ್ದು ಇಂಥ ಸಂಕಲನಗಳಿಂದಲೇ ಎಂಬುದನ್ನೂ ಮರೆಯುವಂತಿಲ್ಲ.

ಕಥೆಯನ್ನು ತೆಗೆದುಕೊಳ್ಳುವುದು ಕನ್ನಡ ಕವಿಗಳ ದೃಷ್ಟಿಯಲ್ಲಿ ಎಂದೂ ಕಳವಾಗಿರಲಿಲ್ಲ. ರನ್ನನ ಗದಾಯುದ್ಧ ಪಂಪಭಾರತದ ಹದಿಮೂರನೆಯ ಆಶ್ವಾಸದಿಂದಲೂ ಭಟ್ಟನಾರಾಯಣನ ವೇಣೀಸಂಹಾರದಿಂದಲೂ ಭಾಸನ ಊರುಭಂಗದಿಂದಲೂ ಪಡೆದುಕೊಂಡದ್ದನ್ನು ವಿಮರ್ಶಕರು ಸಾಲುಸಾಲಾಗಿ ತೋರಿಸಿದ್ದಾರೆ. ಹಾಗಿದ್ದೂ ರನ್ನನ ದುರ್ಯೋಧನನು ರನ್ನನವನೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆನಂದವರ್ಧನನ ಮೂರನೆಯ ವರ್ಗಕ್ಕೆ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಕುಮಾರವ್ಯಾಸನಲ್ಲಿ ಈ ವಿಚಾರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗದುಗಿನ ಭಾರತದ ಪೀಠಿಕೆಯಲ್ಲಿ ಅವನು ತನ್ನ ಹೆಚ್ಚಳಗಳನ್ನು ಎಣಿಸುವಾಗ ಹಲಗೆ ಬಳಪ ಹಿಡಿಯದಿರುವುದನ್ನೂ ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದನ್ನೂ ಹೇಳಿ, ಅವುಗಳ ಸಾಲಿನಲ್ಲಿಯೇ ಬೇರೆಯವರ ರೀತಿಯನ್ನು ತೆಗೆದುಕೊಳ್ಳದಿರುವುದನ್ನೂ ಒಂದು ಹಿರಿಮೆಯಾಗಿ ಸೇರಿಸುತ್ತಾನೆ. ಇದೇ ಪೀಠಿಕೆಯಲ್ಲಿ ಅವನು ಕವಿಯೆಂಬ ಪಟ್ಟವನ್ನು ಗದುಗಿನ ವೀರನಾರಾಯಣನಿಗೆ ಬಿಟ್ಟುಕೊಟ್ಟು ತನ್ನನ್ನು ಕೇವಲ ಲಿಪಿಕಾರನೆಂದು ಕರೆದುಕೊಳ್ಳುತ್ತಾನೆ. ಮೇಲುನೋಟಕ್ಕೆ ಈ ಎರಡು ಮಾತುಗಳು ಒಂದಕ್ಕೊಂದು ಎದುರು. ಕೃತಿ ತನ್ನದಲ್ಲವೆನ್ನುವವನು ಅದರಲ್ಲಿ ಇನ್ನೊಬ್ಬರ ಸೊತ್ತಿಲ್ಲವೆಂದು ಏಕೆ ಹೇಳಬೇಕು? ಅವನ ಮನಸ್ಸಿನಲ್ಲಿ ಕವಿಗೆ ಎರಡು ಬಗೆಯ ಋಣಗಳಿದ್ದವೆಂದು ತಿಳಿದರೆ ಈ ವಿರೋಧ ಕರಗುತ್ತದೆ. ದೈವಕ್ಕೂ ವ್ಯಾಸನಿಗೂ ಸಲ್ಲುವ ಋಣ ಒಪ್ಪಿಕೊಂಡಷ್ಟೂ ಹೆಚ್ಚುವಂಥದು, ಅದರಲ್ಲಿ ಅವಮಾನವಿಲ್ಲ. ಸಮಾನನಾದ ಇನ್ನೊಬ್ಬ ಕವಿಯ ನಡೆಯನ್ನು ಸದ್ದಿಲ್ಲದೆ ಎತ್ತಿಕೊಳ್ಳುವುದು ಮಾತ್ರ ಕೀಳು. ಹದಿನೈದನೆಯ ಶತಮಾನದ ಕವಿಯೊಬ್ಬನು ಸ್ವಂತಿಕೆಯನ್ನೂ ಸಮರ್ಪಣೆಯನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನಾಗಿದ್ದನೆಂಬ ಈ ಒಂದೇ ಸಂಗತಿ, ಹಿಂದಿನವರಿಗೆ ಕರ್ತೃತ್ವದ ಪ್ರಜ್ಞೆಯಿರಲಿಲ್ಲವೆಂಬ ಮಾತನ್ನು ಅಲ್ಲಗಳೆಯಲು ಸಾಕು.

ಕರ್ತೃತ್ವದ ಗುರುತಿಗೆ ಕನ್ನಡವು ಕಂಡುಕೊಂಡ ಅತ್ಯಂತ ಗಟ್ಟಿಯಾದ ಉಪಾಯ ಅಂಕಿತ. ವಚನದ ಕೊನೆಯಲ್ಲಿಯೂ ಕೀರ್ತನೆಯ ಮುಕ್ತಾಯದಲ್ಲಿಯೂ ಬರುವ ಇಷ್ಟದೈವದ ಹೆಸರಿಗೆ ಅಂಕಿತ ಅಥವಾ ಮುದ್ರಿಕೆ ಎನ್ನುತ್ತಾರೆ. ಕೂಡಲಸಂಗಮದೇವನೆಂದರೆ ಬಸವಣ್ಣ, ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ಪುರಂದರವಿಠಲನೆಂದರೆ ಪುರಂದರದಾಸರು. ದಾಸಪರಂಪರೆಯಲ್ಲಿ ಅಂಕಿತವನ್ನು ಗುರುವೇ ಶಿಷ್ಯನಿಗೆ ಕೊಡಬೇಕಾಗಿತ್ತು. ವಿಜಯದಾಸರು ಗೋಪಾಲದಾಸರಿಗೂ ಗೋಪಾಲದಾಸರು ಜಗನ್ನಾಥದಾಸರಿಗೂ ಅಂಕಿತವಿತ್ತ ಸಂಗತಿಯನ್ನು ಆ ಪರಂಪರೆ ಇಂದಿಗೂ ಗೌರವದಿಂದ ನೆನೆಯುತ್ತದೆ. ಲಿಪಿಯ ಆಸರೆಯಿಲ್ಲದೆ ಬಾಯಿಂದ ಬಾಯಿಗೆ ಹೋಗುವ ಸಾಹಿತ್ಯದಲ್ಲಿ ಬರೆದವರ ಹೆಸರನ್ನು ಬೇರೆಯಾಗಿ ಹೇಳಿದರೆ ಅದು ಎರಡನೆಯ ಊರಿನಲ್ಲಿಯೇ ಉದುರಿಹೋಗುತ್ತದೆ. ಹಾಡಿನ ಒಡಲಿನಲ್ಲಿಯೇ, ಅದರ ತಾಳ ಮತ್ತು ಭಾವಗಳ ಕಟ್ಟಿನಲ್ಲಿಯೇ ಹೆಸರನ್ನು ನೇಯ್ದರೆ ಅದನ್ನು ಕಿತ್ತರೆ ಹಾಡೇ ಹರಿಯುತ್ತದೆ. ಸಾಮಾನ್ಯ ಜನರ ನಾಲಗೆಯ ಮೇಲೆ ಶತಮಾನಗಳ ಕಾಲ ಉಳಿಯಬೇಕಾದ ಸಾಹಿತ್ಯಕ್ಕೆ ಇದಕ್ಕಿಂತ ಜಾಣತನದ ರಕ್ಷಣೆಯನ್ನು ಊಹಿಸುವುದು ಕಷ್ಟ.

ಆದರೆ ಈ ರಕ್ಷಣೆ ಒಂದು ದಿಕ್ಕಿನಿಂದ ಬರುವ ಅಪಾಯವನ್ನು ಮಾತ್ರ ತಡೆಯಿತು. ಇನ್ನೊಬ್ಬರ ಮಾತಿಗೆ ತನ್ನ ಹೆಸರು ಹಚ್ಚುವುದು ಕಷ್ಟವಾದಷ್ಟೇ ತನ್ನ ಮಾತಿಗೆ ದೊಡ್ಡವರ ಅಂಕಿತ ಹಚ್ಚುವುದು ಸುಲಭವಾಯಿತು. ಸರ್ವಜ್ಞನ ಹೆಸರಿನಲ್ಲಿ ಹರಿದಾಡುವ ತ್ರಿಪದಿಗಳೆಲ್ಲ ಒಬ್ಬನೇ ಬರೆದವಲ್ಲವೆಂಬುದನ್ನು ಉತ್ತಂಗಿ ಚೆನ್ನಪ್ಪನವರ ಸಂಗ್ರಹಕಾರ್ಯದ ಕಾಲದಿಂದಲೂ ವಿದ್ವಾಂಸರು ಎದುರಿಸುತ್ತ ಬಂದಿದ್ದಾರೆ. ಹಳ್ಳಿಯ ಯಾವನೋ ಒಬ್ಬ ಅನುಭವಸ್ಥನು ಒಂದು ಒಳ್ಳೆಯ ಮಾತನ್ನು ಕಟ್ಟಿ, ಕೊನೆಗೆ ಸರ್ವಜ್ಞನೆಂದು ಸೇರಿಸಿದರೆ ಅದು ಊರೂರು ಸುತ್ತುತ್ತಿತ್ತು, ಅವನದೇ ಹೆಸರಿನಲ್ಲಿದ್ದರೆ ಅವನ ಜಗುಲಿಯನ್ನೂ ದಾಟುತ್ತಿರಲಿಲ್ಲ. ವಚನಗಳಲ್ಲಿಯೂ ಪ್ರಕ್ಷಿಪ್ತಗಳು, ಅಂದರೆ ಅನಂತರದವರು ಸೇರಿಸಿದ ಭಾಗಗಳು, ಸಂಪಾದಕರ ದೊಡ್ಡ ತಲೆನೋವಾದವು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನಗಳ ಹಿಂದೆ, ಯಾವ ಮಾತು ಯಾರದೆಂದು ಹಸ್ತಪ್ರತಿಗಳನ್ನು ಒಂದಕ್ಕೊಂದು ಹಿಡಿದು ನೋಡಿದ ಹಲವು ವಿದ್ವಾಂಸರ ದಶಕಗಳ ದುಡಿಮೆಯಿದೆ.

ಹೆಸರನ್ನು ಬಿಟ್ಟುಕೊಡುವ ಈ ಪ್ರವೃತ್ತಿಯ ಅತ್ಯಂತ ಮನಮಿಡಿಯುವ ಉದಾಹರಣೆ ಮುದ್ರಣದ ಯುಗಕ್ಕೆ ಸೇರಿದ್ದು. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಅಧ್ಯಾಪಕರಾಗಿದ್ದರು. ಅವರು ಅದ್ಭುತ ರಾಮಾಯಣ, ಶ್ರೀರಾಮಪಟ್ಟಾಭಿಷೇಕ, ರಾಮಾಶ್ವಮೇಧಗಳನ್ನು ಬರೆದು, ಪ್ರಾಚೀನ ಕಾವ್ಯಗಳನ್ನು ಅಚ್ಚುಮಾಡುತ್ತಿದ್ದ ಮೈಸೂರಿನ ಕಾವ್ಯಮಂಜರಿ ಮತ್ತು ಕಾವ್ಯಕಲಾನಿಧಿ ಎಂಬ ಗ್ರಂಥಮಾಲೆಗಳಿಗೆ, ತಮಗೆ ಸಿಕ್ಕ ಹಳೆಯ ಹಸ್ತಪ್ರತಿಗಳೆಂಬಂತೆ ಕಳುಹಿಸಿದರು. ಆ ಭಾಷೆಯ ಹಳಗನ್ನಡದ ಹದ ಎಷ್ಟು ಸಹಜವಾಗಿತ್ತೆಂದರೆ ಪಂಡಿತರಾದ ಸಂಪಾದಕರೇ ಅವುಗಳನ್ನು ಪೂರ್ವಕವಿಯ ಕೃತಿಗಳೆಂದು ಸ್ವೀಕರಿಸಿದರು. ರಾಮಾಶ್ವಮೇಧದಲ್ಲಿ ಕಥೆ ಹೇಳುವ ಮುದ್ದಣನೂ ಕೇಳುವ ಮನೋರಮೆಯೂ ನಡೆಸುವ ಸಲ್ಲಾಪದಲ್ಲಿ ಹೊಸಗಾಲದ ಗಂಡಹೆಂಡಿರ ಧ್ವನಿ ಸ್ಪಷ್ಟವಾಗಿ ಕೇಳುತ್ತಿದ್ದರೂ, ಓಲೆಗರಿಯಿಂದ ಬಂದದ್ದೆಂಬ ನಂಬಿಕೆ ಕಿವಿಯನ್ನು ಮುಚ್ಚಿತು. 1901ರಲ್ಲಿ, ಕ್ಷಯರೋಗದಿಂದ, ಮೂವತ್ತೊಂದರ ಹರೆಯದಲ್ಲಿ ಅವರು ತೀರಿಕೊಂಡರು. ಆ ಮೂರೂ ಕೃತಿಗಳು ಅವರವೇ ಎಂಬುದು ವಿದ್ವಲ್ಲೋಕದಲ್ಲಿ ಸ್ಥಿರಪಟ್ಟದ್ದು ಅವರು ಹೋದ ಎಷ್ಟೋ ಕಾಲದ ಮೇಲೆ. ತನ್ನ ಕಾಲದ ಶಾಲಾ ಅಧ್ಯಾಪಕನೊಬ್ಬನ ಕಾವ್ಯಕ್ಕೆ ಬೆಲೆ ಸಿಗಲಾರದು, ಹಳಬನ ಕಾವ್ಯಕ್ಕೆ ಸಿಕ್ಕೀತು ಎಂಬ ಲೆಕ್ಕಾಚಾರ ಇದರ ಹಿಂದಿದ್ದರೆ, ಅದನ್ನು ಕಪಟವೆಂದು ಕರೆಯುವುದಕ್ಕಿಂತ ಆ ಕಾಲದ ವಿದ್ವತ್ತಿನ ಮೇಲೆ ಬರೆದ ಟೀಕೆಯೆಂದು ಓದುವುದೇ ನ್ಯಾಯ.

ಮುದ್ರಣದೊಡನೆ ಕಾನೂನು ಬಂತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ 1847ರಲ್ಲಿ ಮೊದಲ ಕೃತಿಸ್ವಾಮ್ಯ ಶಾಸನವೂ, 1914ರಲ್ಲಿ ಬ್ರಿಟಿಷ್ ಕಾಯಿದೆಯನ್ನು ಅನುಸರಿಸಿದ ಇನ್ನೊಂದೂ, ಸ್ವತಂತ್ರ ಭಾರತದಲ್ಲಿ 1957ರ ಕಾಯಿದೆಯೂ ಜಾರಿಗೆ ಬಂದವು. 1914ರ ಕಾಯಿದೆಯು ಭಾರತದಲ್ಲಿ ಪ್ರಕಟವಾದ ಕೃತಿಯ ಅನುವಾದದ ಹಕ್ಕನ್ನು ಮೂಲಲೇಖಕನಿಗೆ ಹತ್ತು ವರ್ಷಗಳಿಗೆ ಮಾತ್ರ ಮೀಸಲಿಟ್ಟಿತ್ತೆಂಬುದು, ಭಾರತೀಯ ಭಾಷೆಗಳ ನಡುವಿನ ಕೊಡುಕೊಳೆಯನ್ನು ಶಾಸನವೇ ಎಷ್ಟು ಉದಾರವಾಗಿ ಕಂಡಿತ್ತೆಂಬುದಕ್ಕೆ ಸಾಕ್ಷಿ. ಕನ್ನಡ ಕಾದಂಬರಿ ಕಣ್ಣುಬಿಟ್ಟದ್ದು ಇಂಥ ಕೊಡುಕೊಳೆಯಲ್ಲಿಯೇ; ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದಲೂ ಗಳಗನಾಥರು ಹರಿನಾರಾಯಣ ಆಪಟೆಯವರನ್ನು ಮರಾಠಿಯಿಂದಲೂ ತಂದರು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಪ್ರತಾಪರುದ್ರದೇವನಾಗಿಯೂ ಒಥೆಲೊ ಶೂರಸೇನನಾಗಿಯೂ ಮೈಸೂರಿನ ರಂಗಭೂಮಿಗೆ ಬಂದರು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ತಮ್ಮ ಅನುವಾದಗಳ ಸಂಗ್ರಹಕ್ಕೆ ಇಂಗ್ಲಿಷ್ ಗೀತಗಳು ಎಂದೇ ಹೆಸರಿಟ್ಟು, ತಂದದ್ದು ಎಲ್ಲಿಂದ ಎಂಬುದನ್ನು ಮುಖಪುಟದಲ್ಲಿಯೇ ಸಾರಿದರು. ಹೊಸಗನ್ನಡ ಕಾವ್ಯದ ದಾರಿಯನ್ನು ತಿರುಗಿಸಿದ ಪುಸ್ತಕವೊಂದು ತನ್ನ ಋಣವನ್ನೇ ಹೆಸರಾಗಿ ಧರಿಸಿತು.

ಕೃತಿಸ್ವಾಮ್ಯದ ಉಲ್ಲಂಘನೆಯೂ ಕೃತಿಚೌರ್ಯವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇಂದಿನ ಚರ್ಚೆಯ ಗೊಂದಲದಲ್ಲಿ ಅರ್ಧಪಾಲು ಈ ಎರಡನ್ನು ಬೆರೆಸುವುದರಿಂದಲೇ ಹುಟ್ಟಿದ್ದು. ಕೃತಿಸ್ವಾಮ್ಯವು ಲೇಖಕನ ಜೀವಿತಕಾಲಕ್ಕೂ ಅವನು ತೀರಿಕೊಂಡ ಮೇಲೆ 60 ವರ್ಷಗಳಿಗೂ ಸಲ್ಲುವ ಆಸ್ತಿಹಕ್ಕು. ಅದನ್ನು ಮಾರಬಹುದು, ಉಯಿಲಿನಲ್ಲಿ ಬರೆದಿಡಬಹುದು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನದ ಹೊಸ ರಂಗರೂಪದ ಬಗ್ಗೆ ನಡೆದು 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ವ್ಯಾಜ್ಯದಲ್ಲಿ ಚರ್ಚೆಗೆ ಬಂದದ್ದು ಉಯಿಲಿನಂತೆ ಹಕ್ಕು ಯಾರಿಗೆ ಸೇರಬೇಕು, ಪ್ರದರ್ಶನಕ್ಕೆ ಯಾರ ಅನುಮತಿ ಬೇಕು ಎಂಬ ಇಂಥ ಪ್ರಶ್ನೆಗಳೇ. ಕುಮಾರವ್ಯಾಸನ ಮೇಲೆ ಯಾರಿಗೂ ಈಗ ಕೃತಿಸ್ವಾಮ್ಯವಿಲ್ಲ, ಅವನನ್ನು ಯಾರು ಬೇಕಾದರೂ ಅಚ್ಚುಮಾಡಬಹುದು. ಆದರೆ ಅವನ ಒಂದು ಷಟ್ಪದಿಯನ್ನು ತನ್ನದೆಂದು ಹೇಳಿಕೊಂಡವನು ಕಾನೂನಿನ ಕಣ್ಣಿಗೆ ಬೀಳದೆಯೂ ಕೃತಿಚೋರನೇ. ಅದೇ ರೀತಿ ಕಾನೂನು ಅಭಿವ್ಯಕ್ತಿಯನ್ನು ಕಾಯುತ್ತದೆ, ವಿಚಾರವನ್ನು ಕಾಯುವುದಿಲ್ಲ. ಒಂದು ನಾಟಕವನ್ನೇ ಹೋಲುವ ಚಲನಚಿತ್ರ ಬಂದಿತೆಂಬ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ರಾಜಶೇಖರನು ಶಬ್ದಹರಣದಷ್ಟೇ ಗಂಭೀರವಾಗಿ ವಿಚಾರಿಸಿದ್ದ ಅರ್ಥಹರಣವು ಹೀಗೆ ನ್ಯಾಯಾಲಯದ ಅಂಗಳದಿಂದ ಹೊರಗುಳಿದು, ವಿದ್ವಾಂಸರ ನೀತಿಪ್ರಜ್ಞೆಯ ಪಾಲಿಗೆ ಬಿಟ್ಟುಹೋಯಿತು. 1957ರ ಕಾಯಿದೆಯ 57ನೆಯ ಪ್ರಕರಣವು ಹಕ್ಕನ್ನು ಮಾರಿದ ಮೇಲೆಯೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಲೇಖಕನಲ್ಲಿಯೇ ಉಳಿಸಿರುವುದು ಮಾತ್ರ ಹಳೆಯ ಅಂಕಿತದ ಭಾವಕ್ಕೆ ಹತ್ತಿರವಾದದ್ದು.

ಅಂತರ್ಜಾಲವು ಅವಂತಿಸುಂದರಿಯ ಪಟ್ಟಿಯನ್ನು ತಲೆಕೆಳಗು ಮಾಡಿತು. ಬೇರೆ ದೇಶದಲ್ಲಿರುವ ಕವಿ ಈಗ ದೂರದವನಲ್ಲ, ಬಳಕೆ ತಪ್ಪಿದ ಗ್ರಂಥದ ಸ್ಕ್ಯಾನ್ ಪ್ರತಿ ಒಂದು ಹುಡುಕಾಟದಲ್ಲಿ ಎದುರಿಗೆ ಬರುತ್ತದೆ, ಪರಭಾಷೆಯ ಮೂಲವನ್ನು ಯಂತ್ರವೇ ಅನುವಾದಿಸಿ ತೋರಿಸುತ್ತದೆ. ಸಾವಿರಾರು ವಚನಗಳನ್ನು ಪದಪದವಾಗಿ ಹುಡುಕಬಲ್ಲ ವಚನ ಸಂಚಯದಂಥ ಸೌಕರ್ಯದಿಂದ, ಹಿಂದೆ ಒಬ್ಬ ಸಂಪಾದಕನ ಜೀವಮಾನವನ್ನು ಬೇಡುತ್ತಿದ್ದ ಹೋಲಿಕೆಯ ಕೆಲಸ ಕೆಲವು ನಿಮಿಷಗಳದ್ದಾಗಿದೆ. ಕಳವು ಸುಲಭವಾದಷ್ಟೇ ಅದರ ಪತ್ತೆಯೂ ಸುಲಭವಾಯಿತೆಂಬುದು ನಿಜ. ಆದರೆ ಅದರ ಜೊತೆಯಲ್ಲಿಯೇ ಸರ್ವಜ್ಞನ ಕಾಲದ ಹಳೆಯ ರೋಗವೂ ಮರುಕಳಿಸಿತು. ಡಿವಿಜಿ, ಬೇಂದ್ರೆ, ಕುವೆಂಪು ಅವರ ಹೆಸರಿನಲ್ಲಿ ಅವರು ಬರೆಯದ ಸಾಲುಗಳು ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತವೆ. ಇಂದಿನ ಕವಿಯೊಬ್ಬರ ಪದ್ಯ ಮೂರನೆಯ ಕೈಗೆ ಹೋಗುವಷ್ಟರಲ್ಲಿ ಹೆಸರು ಕಳೆದುಕೊಂಡು, ಐದನೆಯ ಕೈಯಲ್ಲಿ ಇನ್ನೊಬ್ಬರ ಹೆಸರು ಪಡೆಯುತ್ತದೆ. ಆಧುನಿಕ ಕವಿತೆಯಲ್ಲಿ ಕವಿಯ ಹೆಸರು ಪದ್ಯದ ಒಳಗಿರದೆ ಕೆಳಗಿನ ಸಾಲಿನಲ್ಲಿರುವುದರಿಂದ ಅದು ಮೊದಲು ಉದುರುತ್ತದೆ. ಅಂಕಿತವನ್ನು ಹಾಡಿನೊಳಗೇ ನೇಯ್ದ ದಾಸರು ಬಾಯಿಮಾತಿನ ಸಮಾಜವನ್ನು ಎಷ್ಟು ಸರಿಯಾಗಿ ಅರಿತಿದ್ದರೆಂಬುದು ಈಗ ಮತ್ತೆ ಮನವರಿಕೆಯಾಗುತ್ತದೆ.

ವಿಶ್ವವಿದ್ಯಾಲಯಗಳಲ್ಲಿ ಈ ಸಮಸ್ಯೆ ನಿಯಮಗಳ ರೂಪ ತಾಳಿತು. ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ಶೋಧಗಂಗಾ ಎಂಬ ಭಂಡಾರದಲ್ಲಿ ದೇಶದ ಲಕ್ಷಗಟ್ಟಲೆ ಪ್ರಬಂಧಗಳು ಈಗ ಎಲ್ಲರಿಗೂ ತೆರೆದಿವೆ. 2018ರ ಜುಲೈಯಲ್ಲಿ ಬಂದ ಆಯೋಗದ ನಿಯಮಾವಳಿಯು ಹೋಲಿಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ; 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು; 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಡೆ; 60 ಮೀರಿದರೆ ನೋಂದಣಿಯೇ ರದ್ದು. ಉದ್ಧರಣ ಚಿಹ್ನೆಯಲ್ಲಿರುವ ಭಾಗ, ಗ್ರಂಥಋಣ, ಸರ್ವಸಾಮಾನ್ಯ ಪರಿಭಾಷೆಗಳನ್ನು ಲೆಕ್ಕದಿಂದ ಬಿಡಬೇಕು, ಆಕಸ್ಮಿಕವಾಗಿ ಹೊಂದುವ ಮಾತುಗಳಲ್ಲಿ ಒಂದರ ಹಿಂದೊಂದು ಬರುವ 14 ಪದಗಳವರೆಗೆ ವಿನಾಯಿತಿಯುಂಟು ಎಂಬ ವಿವರಗಳೂ ಅದರಲ್ಲಿವೆ. 2019ರಲ್ಲಿ ಆರಂಭವಾದ ಶೋಧಶುದ್ಧಿ ಎಂಬ ಯೋಜನೆಯು ಹೋಲಿಕೆ ಹುಡುಕುವ ತಂತ್ರಾಂಶವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸಿತು.

ಈ 14 ಪದಗಳ ಗಡಿಯನ್ನು ಕನ್ನಡಕ್ಕೆ ಹೊಂದಿಸಿ ನೋಡಿದವರಿಗೆ ಅದು ಕನ್ನಡವನ್ನು ಕಣ್ಣಮುಂದಿಟ್ಟುಕೊಂಡು ಎಳೆದ ಗೆರೆಯಲ್ಲವೆಂಬುದು ಕೂಡಲೇ ತಿಳಿಯುತ್ತದೆ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ವಚನಗಳೆಲ್ಲ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ, ಸಂಧಿಯಲ್ಲಿ ಎರಡು ಪದಗಳು ಒಂದಾಗುತ್ತವೆ. ಇಂಗ್ಲಿಷಿನಲ್ಲಿ ಏಳೆಂಟು ಪದಗಳಲ್ಲಿ ಹೇಳುವುದನ್ನು ಇಲ್ಲಿ ಮೂರುನಾಲ್ಕು ಪದಗಳು ಹೇಳಿಬಿಡುತ್ತವೆ. ಹೀಗಾಗಿ ಕನ್ನಡದ 14 ಪದಗಳೆಂದರೆ ಒಂದು ಪೂರ್ಣ ವಾದವೇ ಆಗಬಹುದು. ಹೋಲಿಕೆಯನ್ನು ತಪ್ಪಿಸಿಕೊಳ್ಳುವುದೂ ಇಲ್ಲಿ ಸುಲಭ. 'ವಿಜಯನಗರದ ಅರಸರು ಬಯಲುಸೀಮೆಯಲ್ಲಿ ದೊಡ್ಡ ಕೆರೆಗಳನ್ನು ಕಟ್ಟಿಸಿದರು' ಎಂಬ ವಾಕ್ಯವನ್ನು 'ಬಯಲುಸೀಮೆಯ ದೊಡ್ಡ ಕೆರೆಗಳು ವಿಜಯನಗರದರಸರಿಂದ ಕಟ್ಟಿಸಲ್ಪಟ್ಟವು' ಎಂದು ಬದಲಿಸಿದರೆ 'ದೊಡ್ಡ' ಎಂಬ ಒಂದು ಪದದ ಹೊರತು ಇನ್ನಾವ ಪದವೂ ಹಿಂದಿನ ರೂಪದಲ್ಲಿ ಉಳಿಯುವುದಿಲ್ಲ. ಓದುಗನಿಗೆ ಎರಡೂ ಒಂದೇ ಮಾತು, ಅಕ್ಷರಗಳ ಸಾಲನ್ನಷ್ಟೇ ಹಿಡಿದು ನೋಡುವ ಯಂತ್ರಕ್ಕೆ ಎರಡು ಬೇರೆ ಬರಹಗಳು. ವರ್ಣಗಳನ್ನು ಬದಲಿಸಿ ಗುರುತು ಮರೆಸುವವನೆಂದು ಬಾಣನು ಕರೆದದ್ದು ಇಂಥ ಕೈಚಳಕದವನನ್ನೇ.

ಇದಕ್ಕಿಂತ ದೊಡ್ಡ ತೊಡಕು ಕನ್ನಡ ಪ್ರಬಂಧಗಳ ಲಿಪಿಯಲ್ಲಿಯೇ ಅಡಗಿದೆ. ತೊಂಬತ್ತರ ದಶಕದಿಂದ ಮುಂದೆ ಬಹುಕಾಲದವರೆಗೆ ಕನ್ನಡದ ಬೆರಳಚ್ಚು ನಡೆದದ್ದು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತಗಳಲ್ಲಿ. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಮುದ್ರಣಾಲಯಗಳೂ ವಿಶ್ವವಿದ್ಯಾಲಯಗಳ ಸುತ್ತಲಿನ ಡಿಟಿಪಿ ಅಂಗಡಿಗಳೂ ಹಳೆಯದನ್ನೇ ಹಿಡಿದುಕೊಂಡವು. ಉದಾಹರಣೆಗೆ ನುಡಿಯ ಹಳೆಯ ಸಂಕೇತದಲ್ಲಿ ಕಾಗದದ ಮೇಲೆ 'ಕ' ಎಂದು ಕಾಣುವ ಅಕ್ಷರ ಗಣಕದ ನೆನಪಿನಲ್ಲಿ ಇಂಗ್ಲಿಷಿನ ಪಿ ಅಕ್ಷರವಾಗಿಯೂ ಅದರ ಬೆನ್ನಿಗೆ ತಲೆಯ ಮೇಲೆ ಗೀಟು ಹೊತ್ತ ಎ ಅಕ್ಷರವಾಗಿಯೂ ಇರುತ್ತದೆ. ಫಾಂಟನ್ನು ತೆಗೆದರೆ ಪುಟವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇಂಥ ಪ್ರಬಂಧ ಭಂಡಾರದಲ್ಲಿದ್ದರೂ ಹುಡುಕುವವರ ಪಾಲಿಗೆ ಇಲ್ಲದ ಹಾಗೆಯೇ. ಅದರಿಂದ ಒಂದು ಅಧ್ಯಾಯವನ್ನೇ ಎತ್ತಿಕೊಂಡು ಯೂನಿಕೋಡಿನಲ್ಲಿ ಹೊಸದಾಗಿ ಬೆರಳಚ್ಚು ಮಾಡಿದರೆ ತಂತ್ರಾಂಶದ ವರದಿ ಸೊನ್ನೆಯ ಹತ್ತಿರ ನಿಲ್ಲಬಹುದು, ಮತ್ತು ಆ ಸೊನ್ನೆ ಸ್ವಂತಿಕೆಯ ಪ್ರಮಾಣಪತ್ರವಾಗಿ ಪ್ರಬಂಧದ ಮೊದಲ ಪುಟಗಳಲ್ಲಿ ಕುಳಿತುಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಮಾತ್ರ ಉಳಿದಿರುವ ಬೆರಳಚ್ಚು ಯಂತ್ರದ ಕಾಲದ ಪ್ರಬಂಧಗಳ ಸ್ಥಿತಿಯೂ ಇದೇ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮೈಸೂರು ಮತ್ತು ಧಾರವಾಡದ ಕನ್ನಡ ಅಧ್ಯಯನ ವಿಭಾಗಗಳಲ್ಲಿ ಶಾಸನ, ಛಂದಸ್ಸು, ಜಾನಪದಗಳನ್ನು ಕುರಿತು ನಡೆದ ಸಂಶೋಧನೆ ಕನ್ನಡ ವಿದ್ವತ್ತಿನ ದೊಡ್ಡ ಆಸ್ತಿಗಳಲ್ಲೊಂದು ಎಂಬುದನ್ನು ನೆನೆದರೆ, ಅದರಲ್ಲಿ ಅಚ್ಚಾಗದೆ ಉಳಿದ ಭಾಗವೇ ಅತ್ಯಂತ ಕಾವಲಿಲ್ಲದ ಆಸ್ತಿಯಾಗಿರುವುದು ನೋವಿನ ಸಂಗತಿ.

ಇಂಗ್ಲಿಷ್ ಪುಸ್ತಕದ ಅಧ್ಯಾಯವೊಂದನ್ನು ಯಂತ್ರದಿಂದ ಕನ್ನಡಿಸಿ ಪ್ರಬಂಧಕ್ಕೆ ಸೇರಿಸುವುದು ಈಚೆಗೆ ಸುಲಭವಾಗಿರುವ ಇನ್ನೊಂದು ದಾರಿ. ಇಲ್ಲಿ ಹೋಲಿಸಲು ಕನ್ನಡದಲ್ಲಿ ಮೂಲಪಾಠವೇ ಇರುವುದಿಲ್ಲವಾದ್ದರಿಂದ ಪದಗಳ ಲೆಕ್ಕ ಪೂರ್ತಿಯಾಗಿ ಸೋಲುತ್ತದೆ. ಉಳಿಯುವುದು ಆ ಇಂಗ್ಲಿಷ್ ಪುಸ್ತಕವನ್ನು ಓದಿರುವ, ಕನ್ನಡ ವಾಕ್ಯದ ಹೊರಳಿನಲ್ಲಿ ಪರಭಾಷೆಯ ಮೂಳೆಯನ್ನು ಗುರುತಿಸಬಲ್ಲ ಪರೀಕ್ಷಕನೊಬ್ಬನೇ. ಹಳೆಯ ಸಂಕೇತದ ಕನ್ನಡವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗಾಗಲೇ ಬಳಕೆಯಲ್ಲಿವೆ, ಒತ್ತಕ್ಷರ ಮತ್ತು ಅರ್ಕಾವೊತ್ತುಗಳಲ್ಲಿ ಅವು ಮಾಡುವ ತಪ್ಪುಗಳನ್ನು ತಿದ್ದಲು ಮಾತ್ರ ಮನುಷ್ಯರು ಬೇಕು. ಕನ್ನಡ ವಿಭಾಗಗಳು ತಮ್ಮ ಕಪಾಟುಗಳಲ್ಲಿರುವ ಹಳೆಯ ಪ್ರಬಂಧಗಳನ್ನು ವರ್ಷಕ್ಕೆ ಇಷ್ಟೆಂದು ಹೀಗೆ ಪರಿವರ್ತಿಸಿ ಹುಡುಕಾಟಕ್ಕೆ ತೆರೆದರೆ, ಅವುಗಳನ್ನು ಬರೆದವರ ಹೆಸರುಗಳು ಅವರ ಮಾತಿನ ಜೊತೆಯಲ್ಲಿಯೇ ಹೊಸ ಸಂಶೋಧಕರ ಕೈಸೇರುತ್ತವೆ.